ಕುರ್ಚಿರಾಯರ ಕುರುಕ್ಷೇತ್ರ

"ಆ ಮೇಡಂ ನಮ್ಮ ಅಂಗಡಿ ಮೆಟ್ಟಿಲು ಹತ್ತಲಿ ಸಾಕು. ನಾನು ಬಾಯೇ ಬಿಡಲ್ಲ. ಸುಮ್ಮನೆ ಒಂದು ಸಲ ಕೂತು ತೋರಿಸ್ತೀನಿ. ಮುಗೀತು! ಆರ್ಡರು ನಮ್ಮದು!"

ಎಡಗೈಯಲ್ಲಿ ಕಾಫಿ ಲೋಟ, ಬಲಗೈಯಲ್ಲಿ ಒಂದು ಶೂ ಹಿಡಿದು, ಹಜಾರದ ನಟ್ಟನಡುವೆ ನಿಂತು ಕುರ್ಚಿರಾಯರು ಹೀಗೆ ರಣಘೋಷ ಮಾಡಿದರು. ಕೇಳುವುದಕ್ಕೆ ಇದ್ದದ್ದು ಹೆಂಡತಿಯೊಬ್ಬಳೇ. ಆಕೆಯೂ ಜಡೆ ಹೆಣೆದುಕೊಳ್ಳುತ್ತ ಬಾಚಣಿಗೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದರಿಂದ ಜಯಕಾರ ಮಾತ್ರ ಮೊಳಗಲಿಲ್ಲ.

ಕುರ್ಚಿರಾಯರು ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಅಂಗಡಿಯವರು ಕೊಟ್ಟ ಬಿರುದು. ಪೇಟೆಯ ದೊಡ್ಡ ಫರ್ನಿಚರ್ ಅಂಗಡಿಯಲ್ಲಿ ಕುರ್ಚಿ, ಸೋಫಾಗಳ ವಿಭಾಗ ಅವರದು. ಉಳಿದವರು ಗಂಟಲು ಹರಿದುಕೊಂಡು ಮಾರಿದರೆ ಇವರು ಕೂತು ಮಾರುತ್ತಿದ್ದರು. ಅದೊಂದು ಕಲೆ! ಗಿರಾಕಿ ಎದುರಿಗೆ ನಿಂತ ಕೂಡಲೇ ಕುರ್ಚಿಯ ಕಡೆ ಹಳೇ ಸ್ನೇಹಿತನನ್ನು ನೋಡುವ ಹಾಗೆ ಒಮ್ಮೆ ನೋಡುವುದು. ಪ್ಯಾಂಟನ್ನು ಮಂಡಿಯ ಹತ್ತಿರ ಎರಡು ಬೆರಳಲ್ಲಿ ಕೊಂಚ ಎತ್ತುವುದು. ಆಮೇಲೆ ನೀರಿಗೆ ಹಂಸ ಇಳಿದ ಹಾಗೆ ಮೆಲ್ಲಗೆ ಇಳಿಯುವುದು. ಕೂತ ಮೇಲೆ ಕಣ್ಣು ಮುಚ್ಚಿ ಒಂದೇ ಒಂದು "ಆಹ್". ಅಷ್ಟೇ! ಅದನ್ನು ಕೇಳಿದವರಿಗೆ ತಮ್ಮ ಮನೆಯ ಕುರ್ಚಿಗಳೆಲ್ಲ ಮುಳ್ಳಿನ ಕಂತೆಯಂತೆ ಕಾಣತೊಡಗುತ್ತಿದ್ದವು. ಮೇಜು ಕೊಳ್ಳಲು ಬಂದ ಎಷ್ಟೋ ಜನ ಸೋಫಾ ಹೊರಿಸಿಕೊಂಡು ಹೋಗಿದ್ದರು.

ಈಗ ಬರಲಿದ್ದದ್ದು ಅಂತಿಂಥ ಗಿರಾಕಿಯಲ್ಲ. ಹೊಸ ಆಸ್ಪತ್ರೆ ಕಟ್ಟಿಸುತ್ತಿದ್ದ ಮೇಡಂ ಒಬ್ಬರು, ರೋಗಿಗಳು ಕಾಯುವ ಹಜಾರ ತುಂಬುವಷ್ಟು ಕುರ್ಚಿ ಬೇಕೆಂದು ಪೇಟೆಯೆಲ್ಲ ಸುತ್ತುತ್ತಿದ್ದರು. ಬೇರೆ ಅಂಗಡಿಗಳ ಕುರ್ಚಿಗಳನ್ನು ನೋಡಿ, ಮೂಗು ಮುರಿದು ಬಂದಿದ್ದರು. ಮುಂದಿನ ವಾರ ಇವರ ಅಂಗಡಿಯ ಸರದಿ.

ಹೆಂಡತಿ ಬಾಚಣಿಗೆಯನ್ನು ಬಾಯಿಂದ ತೆಗೆದಳು. "ಕೂರೋ ವಿಷಯದಲ್ಲಿ ನಿಮ್ಮನ್ನ ಮೀರಿಸೋರು ಯಾರಿದ್ದಾರೆ ಬಿಡಿ! ರಜಾ ದಿನ ಪೂರ್ತಿ ಅದನ್ನೇ ಅಭ್ಯಾಸ ಮಾಡ್ತೀರಲ್ಲ."

ಈ ಮಾತು ಗಂಡನಿಗೆ ಹೇಳಿದ್ದಾದರೂ ಬೀದಿಯ ಕೊನೆಯವರೆಗೂ ಕೇಳಿಸಿತು. ಆಕೆ ಬಸ್‌ ನಿಲ್ದಾಣದಲ್ಲಿ ಕೆಲಸಕ್ಕಿದ್ದಳು. ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ಹೊರಟಿತು ಎಂದು ಮೈಕಿನಲ್ಲಿ ಕೂಗುವುದೇ ನೌಕರಿ. ಮೈಕು ಕೆಟ್ಟ ದಿನವೂ ಯಾರೂ ಬಸ್ಸು ತಪ್ಪಿಸಿಕೊಂಡಿರಲಿಲ್ಲ! ಪಿಸುಮಾತು ಎಂಬ ವಿದ್ಯೆಯನ್ನು ದೇವರು ಆಕೆಗೆ ಕರುಣಿಸಿರಲಿಲ್ಲ.

ಕುರ್ಚಿರಾಯರು ದೊಡ್ಡ ಮನಸ್ಸು ಮಾಡಿ ನಕ್ಕು, ಶೂ ಹಾಕಿಕೊಳ್ಳಲೆಂದು ಸ್ಟೂಲಿನ ಮೇಲೆ ಠೀವಿಯಿಂದ ಕೂತರು.

"ಹಾಽಽ!"

ಕಾಫಿ ಅಂಗಿಯ ಮೇಲೆ, ಶೂ ಹೆಂಡತಿಯ ಕಾಲಿನ ಮೇಲೆ!

"ಏನ್ರೀ ಆಯ್ತು?"

"ಏನಿಲ್ಲ. ಏನೂ ಇಲ್ಲ. ಸೊಂಟ ಹಿಡ್ಕೊಳ್ತು."

"ಸೊಂಟ ಹಿಡ್ಕೊಂಡ್ರೆ ಕೈ ಅಲ್ಲಿಗ್ಯಾಕೆ ಹೋಯ್ತು?"

"ನನ್ನ ಸೊಂಟ, ನನ್ನ ಕೈ. ನಿನಗೆ ಡ್ಯೂಟಿಗೆ ಹೊತ್ತಾಯ್ತು, ಹೊರಡು!"

ಆಕೆ ಅತ್ತ ಹೋದದ್ದೇ ತಡ, ಇವರು ಇತ್ತ ಬಚ್ಚಲುಮನೆ ಹೊಕ್ಕು ಚಿಲಕ ಹಾಕಿಕೊಂಡರು. ಊರಿನವರಿಗೆಲ್ಲ ಕಂಡರೂ ತನಗೆ ಮಾತ್ರ ಕಾಣದಂಥ ಜಾಗವೊಂದನ್ನು ದೇವರು ಮನುಷ್ಯನ ಬೆನ್ನ ಕೆಳಗೆ ಇಟ್ಟಿದ್ದಾನೆ. ಹೆಂಡತಿಯ ಕೈಗನ್ನಡಿ ಹಿಡಿದು, ಒಂದು ಕಾಲನ್ನು ಮಗುಚಿದ ಬಕೀಟಿನ ಮೇಲಿಟ್ಟು, ಕತ್ತನ್ನು ಕೊಕ್ಕರೆಯಂತೆ ತಿರುಚಿ ಹುಡುಕಿದರು. ಮೊದಲು ಕಂಡದ್ದು ಗೋಡೆಯ ಹಲ್ಲಿ. ಆಮೇಲೆ ಕಂಡಿತು. ಎಡಭಾಗದಲ್ಲಿ, ಮನುಷ್ಯನಿಗೂ ಕುರ್ಚಿಗೂ ಸಂಬಂಧ ಕೂಡಿಬರುವ ಠಾವಿನಲ್ಲೇ, ಬಟಾಣಿ ಕಾಳಿನಷ್ಟು ಕೆಂಪು ಗುಳ್ಳೆ! ನೆತ್ತಿಯ ಮೇಲೆ ಬಿಳಿ ಕೀವಿನ ಟೋಪಿ!

"ಇಷ್ಟೇನಾ?" ಕುರ್ಚಿರಾಯರು ಕನ್ನಡಿಗೆ ಹೇಳಿದರು. "ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಯಾಕೆ? ಎರಡು ಬೆರಳು ಸಾಕು!"

ಹಿಸುಕಿದರು. ಹಾಡುಹಗಲಲ್ಲಿ ನಕ್ಷತ್ರಗಳೆಲ್ಲ ಬಚ್ಚಲುಮನೆಗೆ ಇಳಿದು ಬಂದವು. ಹಲ್ಲು ಕಚ್ಚಿಕೊಂಡು ಮತ್ತೊಮ್ಮೆ ಹಿಸುಕಿದರು. ಚೂರು ಕೀವು, ಚೂರು ರಕ್ತ ಬಂತು. ಗೂಟದಲ್ಲಿದ್ದ ತಮ್ಮ ಟವೆಲಿನಿಂದ ಆ ಪ್ರದೇಶವನ್ನೆಲ್ಲ ಗಸಗಸ ಉಜ್ಜಿ, ಅದೇ ಟವೆಲನ್ನು ಅದೇ ಗೂಟಕ್ಕೆ ನೇತುಹಾಕಿ, ದಂಡಯಾತ್ರೆ ಗೆದ್ದ ಅರಸನಂತೆ ಹೊರಬಂದರು. ಮೇಡಮ್ಮಿಗಾಗಿಯೇ ಈಚೆಗೆ ಕೊಂಡಿದ್ದ, ಥಳಥಳ ಹೊಳೆಯುವ ಬಿಗಿ ಪ್ಯಾಂಟನ್ನು ಏರಿಸಿಕೊಂಡು ಅಂಗಡಿಗೆ ನಡೆದರು.

ಸೋತ ಶತ್ರು ಸುಮ್ಮನಿರಲಿಲ್ಲ. ನೋಡನೋಡುತ್ತ ಬಟಾಣಿ ಹೋಗಿ ನೆಲ್ಲಿಕಾಯಿಯಾಯಿತು, ನೆಲ್ಲಿಕಾಯಿ ಹೋಗಿ ನಿಂಬೆಹಣ್ಣಾಯಿತು. ಮುಟ್ಟಿದರೆ ಕೆಂಡ! ಸುತ್ತಲೂ ಟವೆಲು ಓಡಾಡಿದ ದಾರಿಯುದ್ದಕ್ಕೂ ಚಿಕ್ಕ ಚಿಕ್ಕ ಕೀವುಗುಳ್ಳೆಗಳು ತಲೆಯೆತ್ತಿದವು. ಹಿಸುಕಿದ್ದು ಒಂದನ್ನು, ಎದ್ದದ್ದು ಒಂದು ಸಂಸಾರ!

ಕೂರುವುದೇ ಕಸುಬಾದವನು ಕೂರಲಾರದೆ ಹೋದರೆ ಏನು ಗತಿ? ಇನ್ನೊಬ್ಬನಾಗಿದ್ದರೆ ರಜೆ ಹಾಕುತ್ತಿದ್ದ. ಕುರ್ಚಿರಾಯರು ಬೆಳಗಿನಿಂದ ಸಂಜೆಯವರೆಗೆ ಕಂಬದಂತೆ ನಿಂತರು. ಮಾಲೀಕರು ಗಮನಿಸಿದರು.

"ಏನು ರಾಯರೇ, ನಿಂತೇ ಇದ್ದೀರಲ್ಲ?"

"ಸಾರ್, ಆ ಮೇಡಂ ಬಂದು ಆರ್ಡರು ಕೊಡೋವರೆಗೂ ಈ ಜೀವ ಕೂರೋದಿಲ್ಲ ಅಂತ ಶಪಥ ಮಾಡಿದ್ದೀನಿ!"

ಮಾಲೀಕರ ಕಣ್ಣಲ್ಲಿ ನೀರಾಡಿತು. "ನೋಡ್ರೋ! ನಿಷ್ಠೆ ಅಂದ್ರೆ ಇದು!" ಎಂದು ಅಂಗಡಿಗೆಲ್ಲ ಕೇಳುವಂತೆ ಕೂಗಿದರು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಅಂದಿನಿಂದ ಆರ್ಡರು ಬರುವವರೆಗೂ ಯಾರೂ ಕೂರಕೂಡದೆಂದು ಹೇಳಿ, ಮಾರಾಟಗಾರರ ಸ್ಟೂಲುಗಳನ್ನೆಲ್ಲ ಗೋದಾಮಿಗೆ ಕಳಿಸಿಬಿಟ್ಟರು. ಹಾಸಿಗೆ ವಿಭಾಗದವನು, ಬೀರು ವಿಭಾಗದವಳು, ಬಿಲ್ಲು ಬರೆಯುವವರು, ಎಲ್ಲರೂ ಕೊಕ್ಕರೆಗಳಂತೆ ಕಾಲು ಬದಲಿಸುತ್ತ ಕುರ್ಚಿರಾಯರ ವಂಶವನ್ನೆಲ್ಲ ಮನಸ್ಸಿನಲ್ಲೇ ಉದ್ಧಾರ ಮಾಡಿದರು.

ಅಂಗಡಿಯ ಹಿಂಭಾಗದಲ್ಲಿ ಕುಶನ್ ಹೊಲಿಯುವ ಕಾರ್ಯಾಗಾರವಿತ್ತು. ಅಲ್ಲಿನ ಕೆಲಸಗಾರನನ್ನು ಎಲ್ಲರೂ ಸ್ಪಂಜಣ್ಣ ಎನ್ನುತ್ತಿದ್ದರು. ಮಧ್ಯಾಹ್ನ ಇಬ್ಬರದೂ ಒಟ್ಟಿಗೇ ಊಟ. ಆಸ್ಪತ್ರೆಗೆಂದು ಮಾದರಿ ಕುರ್ಚಿಯನ್ನು ಹೊಲಿದವನು ಅವನೇ.

"ಯಾಕಣ್ಣಾ, ನಿಂತ್ಕೊಂಡು ಉಣ್ತಿದ್ದೀಯ?"

"ಜೀರ್ಣಕ್ಕೆ ಒಳ್ಳೇದು ಕಣೋ."

"ನೋಡು, ಆ ಕುರ್ಚಿ ಆಯ್ತು. ನಿನ್ನನ್ನೇ ನೆನಸ್ಕೊಂಡು ಹೊಲಿದೆ. ಒಂದ್ಸಲ ಕೂತು ನೋಡಿ ಹೇಳಣ್ಣ. ನೀನು ಸೈ ಅಂದ್ರೆ ನನಗೆ ನಿದ್ದೆ ಬರುತ್ತೆ."

"ಅವತ್ತೇ ಕೂರ್ತೀನಿ ಬಿಡೋ, ಮೇಡಂ ಎದುರಿಗೇ."

ಸ್ಪಂಜಣ್ಣನ ಮುಖ ಸಣ್ಣಗಾಯಿತು. ಅದನ್ನು ಕಂಡರೂ ಕುರ್ಚಿರಾಯರು ಡಬ್ಬಿಯ ಮುಚ್ಚಳ ಹುಡುಕುವವರಂತೆ ಬೇರೆ ಕಡೆ ನೋಡಿದರು.

ಅಂಗಡಿಯವರನ್ನು ನಂಬಿಸಬಹುದು, ಹೆಂಡತಿಯನ್ನು ನಂಬಿಸುವುದು ಹೇಗೆ? ಪೇಪರನ್ನು ಕಿಟಕಿಗೆ ಆನಿಸಿಟ್ಟು ನಿಂತು ಓದುವ ಗಂಡ, ಟೀವಿಯ ಮುಂದೆ ಮಂಡಿಯೂರಿ ವಾರ್ತೆ ನೋಡುವ ಗಂಡ, ಬೋರಲು ಮಲಗಿ ದಿಂಬು ಕಚ್ಚುವ ಗಂಡ! ಎಲ್ಲವನ್ನೂ ಆಕೆ ನೋಡುತ್ತಲೇ ಇದ್ದಳು. ಮೇಡಂ ಬರುವ ಹಿಂದಿನ ದಿನ ಬೆಳಿಗ್ಗೆ ಬಚ್ಚಲುಮನೆಯಿಂದ ಧಡಾರೆಂಬ ಸದ್ದು. ಓಡಿಬಂದು ನೋಡಿದರೆ ಬಕೀಟು ಒಂದು ಕಡೆ, ಕೈಗನ್ನಡಿ ಒಂದು ಕಡೆ, ರಾಯರು ಇನ್ನೊಂದು ಕಡೆ. ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ!

"ಅಯ್ಯೋ ದೇವರೇ! ಇದೇನ್ರೀ, ಕುರುವೋ ಕುರುಕ್ಷೇತ್ರವೋ! ನಡುವೆ ದುರ್ಯೋಧನ, ಸುತ್ತ ತಮ್ಮಂದಿರೆಲ್ಲ ಬಿಡಾರ ಹೂಡಿದ್ದಾರಲ್ಲ!"

"ಮೆಲ್ಲಗೆ ಮಾತಾಡೇ ಮಾರಾಯ್ತಿ!"

"ಮೆಲ್ಲಗೇ ಮಾತಾಡ್ತಿದ್ದೀನಿ! ಎಡಗಡೆ ಮಾತ್ರವೋ, ಬಲಗಡೆಗೂ ಹಬ್ಬಿದೆಯೋ? ಸರಿಯಾಗಿ ತಿರುಗಿ!"

ಅಷ್ಟು ಹೊತ್ತಿಗೆ ಕಟ್ಟಡದಲ್ಲಿ ನಲ್ಲಿ ನೀರಿನ ಸದ್ದೂ ನಿಂತುಹೋಗಿತ್ತು. ಮೇಲಿನ, ಕೆಳಗಿನ, ಪಕ್ಕದ ಮನೆಯವರೆಲ್ಲ ಕಿವಿ ನಿಮಿರಿಸಿ ಕಾಯುತ್ತಿದ್ದರು. ಎಡಗಡೆ ಎಂಬುದು ಖಚಿತವಾದ ಮೇಲೆ ನಲ್ಲಿಗಳು ಮತ್ತೆ ಹರಿದವು.

"ನಡೀರಿ ಡಾಕ್ಟರ ಹತ್ರ."

"ಇದೇನು ಡಾಕ್ಟರಿಗೆ ತೋರಿಸೋ ಜಾಗವೇ? ನಾಳೆ ಒಂದು ದಿನ ಕಳೀಲಿ. ನಾನು ಮನಸ್ಸು ಮಾಡಿದ್ರೆ ಕುರು ಏನು ಮಾಡುತ್ತೆ?"

"ಕುರುವಿಗೆ ನಿಮ್ಮ ಮನಸ್ಸು ಗೊತ್ತಾಗಬೇಕಲ್ಲ! ಅದಿರೋದು ಬೇರೆ ಕಡೆ."

ಆಕೆ ಡ್ಯೂಟಿಗೆ ಹೋಗುತ್ತಿದ್ದಂತೆ ಕೆಳಮನೆಯ ಡ್ರಿಲ್ ಮೇಷ್ಟ್ರು ಹತ್ತಿ ಬಂದರು. ನಿವೃತ್ತರಾದರೂ ಅಪ್ಪಣೆ ಕೊಡುವ ಗತ್ತು ಹೋಗಿರಲಿಲ್ಲ. ಕೈಯಲ್ಲಿ ಹಲ್ಲುಜ್ಜುವ ಪೇಸ್ಟಿನ ಟ್ಯೂಬು!

"ಎಡಗಡೆ ಅಂತೆ, ಕೇಳಿದೆ. ಇದನ್ನ ದಪ್ಪಗೆ ಬಳೀರಿ. ಬೆಳಗಾಗೋದ್ರೊಳಗೆ ಒಣಗಿಹೋಗುತ್ತೆ. ನನ್ನ ಅನುಭವ!"

ಬಳಿದರು. ಮೊದಲು ತಂಪಾಯಿತು. ಆಮೇಲೆ ಉರಿಯತೊಡಗಿತು. ಆ ಉರಿಗೆ ಕುರ್ಚಿರಾಯರು ಹಜಾರದಲ್ಲಿ ಕುಣಿದ ಕುಣಿತವನ್ನು ಡ್ರಿಲ್ ಮೇಷ್ಟ್ರು ನಿಂತು ನೋಡಿ, "ಒಳ್ಳೇ ಲಕ್ಷಣ. ಮಂಡಿ ಇನ್ನೂ ಮೇಲಕ್ಕೆ ಬರಲಿ!" ಎಂದರು.

ಆ ದಿನ ಬಂದೇಬಿಟ್ಟಿತು. ಬೆಳಿಗ್ಗೆ ಮೈಯಲ್ಲಿ ಸಣ್ಣ ಜ್ವರ. ಬಿಗಿ ಪ್ಯಾಂಟು ಏರಿಸುವಾಗ ಮೂರು ಲೋಕವೂ ಕಂಡವು. ಆದರೂ ಕುರ್ಚಿರಾಯರು ಎದೆ ಸೆಟೆಸಿ ಹೊರಟರು. ಕೂರದೆಯೇ ಮಾರಿ ತೋರಿಸುತ್ತೇನೆ ಎಂಬ ಹೊಸ ಛಲ! ಇಷ್ಟು ವರ್ಷ ಕೂತದ್ದರಿಂದ ಮಾರಾಟವಾಯಿತು ಎಂದು ಜನ ತಿಳಿದಿದ್ದಾರೆ, ಈ ನಾಲಿಗೆಯ ಶಕ್ತಿ ಅವರಿಗೇನು ಗೊತ್ತು ಎಂದುಕೊಂಡರು.

ಮೇಡಂ ಬಂದರು. ಕನ್ನಡಕ, ಬಿಳಿ ಸೀರೆ, ಮಾತು ಕಡಿಮೆ. ಮಾದರಿ ಕುರ್ಚಿಯ ಕಾಲು ಅಲ್ಲಾಡಿಸಿದರು, ಬೆನ್ನು ತಟ್ಟಿದರು, ಹೊಲಿಗೆಯ ಮೇಲೆ ಬೆರಳಾಡಿಸಿದರು. ಕಾರ್ಯಾಗಾರದ ಬಾಗಿಲಲ್ಲಿ ನಿಂತಿದ್ದ ಸ್ಪಂಜಣ್ಣ ಉಸಿರು ಹಿಡಿದುಕೊಂಡ.

"ರೋಗಿಗಳು ಬಹಳ ಹೊತ್ತು ಕಾಯ್ತಾರೆ. ಕೂತು ಕೂತು ನೋಯಬಾರದು. ನೀವು ಕೂತು ತೋರಿಸಿದ್ರೆ ನೋಡೋ ಹಾಗಿರುತ್ತಂತೆ. ಎಲ್ಲಿ, ಕೂರಿ."

"ತಮ್ಮಂಥ ದೊಡ್ಡೋರು ನಿಂತಿರುವಾಗ ನಾನು ಕೂರೋದೇ ಮೇಡಂ! ಛೆ ಛೆ!"

"ನಾನೇ ಹೇಳ್ತಿದ್ದೀನಲ್ಲ."

"ಕೂರೋದೇನು ಮಹಾ ಮೇಡಂ! ಇದರ ಕಾಲು ನೋಡಿ, ಉಕ್ಕು! ಇದರ ಬೆನ್ನು ನೋಡಿ—"

"ಕಾಲು, ಬೆನ್ನು ನೋಡಿ ಆಯ್ತು. ಕುರ್ಚಿ ಮಾರೋರೇ ಕುರ್ಚೀಲಿ ಕೂರಲ್ಲ ಅಂದ್ರೆ ನಾನೇನು ತಿಳ್ಕೊಳ್ಳಲಿ? ಅಡುಗೆಯವನೇ ಉಪವಾಸ ಇದ್ರೆ ಎಲೆ ಮುಂದೆ ಕೂರೋರು ಯಾರು?"

ಮಾಲೀಕರು ಹಿಂದಿನಿಂದ ಕೆಮ್ಮಿದರು. ಆ ಕೆಮ್ಮಿನಲ್ಲಿ ಸಂಬಳವೂ ಇತ್ತು, ಶಿಕ್ಷೆಯೂ ಇತ್ತು. ಬೇರೆ ದಾರಿಯಿಲ್ಲದೆ ಕುರ್ಚಿರಾಯರು ಕುರ್ಚಿಯ ಅಂಚಿಗೆ ಬಂದು, ಬಲಭಾಗವನ್ನಷ್ಟೇ ಇಳಿಸಿ, ಎಡಭಾಗವನ್ನು ಅಂತರಿಕ್ಷದಲ್ಲಿ ನಿಲ್ಲಿಸಿದರು. ಕಾಲು ಗಡಗಡ ನಡುಗುತ್ತಿತ್ತು. ಹರಳೆಣ್ಣೆ ಕುಡಿದ ಮುಖದಲ್ಲಿ ಹೇಗೋ ಒಂದು ನಗು ಅರಳಿಸಿ "ಆಽಹ್" ಎಂದರು.

"ಇದೇನು, ಗುಬ್ಬಿ ಕೂತ ಹಾಗೆ ಕೂತಿದ್ದೀರಿ? ಪೂರ್ತಿ ಕೂರಿ," ಎಂದರು ಮೇಡಂ.

"ಕೂತ್ಕೊಳ್ರೀ ರಾಯರೇ, ನಾಚಿಕೆ ಯಾಕೆ!" ಎಂದು ಮಾಲೀಕರು ಪ್ರೀತಿಯಿಂದ ಎರಡೂ ಭುಜಗಳ ಮೇಲೆ ಕೈಯಿಟ್ಟು, ತಮ್ಮ ಭಾರವನ್ನೆಲ್ಲ ಹಾಕಿ ಒತ್ತಿದರು.

ಆ ಕೂಗನ್ನು ಅಕ್ಷರದಲ್ಲಿ ಬರೆಯಲು ಬರುವುದಿಲ್ಲ. ರಸ್ತೆಯಲ್ಲಿ ಹೋಗುತ್ತಿದ್ದ ಸೈಕಲ್ಲಿನವನು ಗಕ್ಕನೆ ಬ್ರೇಕು ಹಾಕಿದ. ಕುರ್ಚಿರಾಯರು ಬಾಣದಂತೆ ಮೇಲಕ್ಕೆ ಚಿಮ್ಮಿದರು. ಅವರ ನೆತ್ತಿ ಮಾಲೀಕರ ಗದ್ದಕ್ಕೆ ಬಡಿಯಿತು. ಮಾಲೀಕರು ಹಿಂದಕ್ಕೆ ಮುಗ್ಗರಿಸಿ, ಅಲ್ಲಿದ್ದ ಒರಗು ಕುರ್ಚಿಗೆ ಬಿದ್ದರು. ಅದು ಸ್ಪ್ರಿಂಗಿನ ಕುರ್ಚಿ. ಬಾಯಿ ತೆರೆದು ಅವರನ್ನು ಒಳಕ್ಕೆಳೆದುಕೊಂಡು, ಕಾಲು ಮೇಲೆ ತಲೆ ಕೆಳಗೆ ಮಾಡಿ ಮಡಚಿಟ್ಟಿತು!

"ಕುರ್ಚೀಲಿ ಮೊಳೆ ಇದೆಯಾ?" ಮೇಡಂ ಎರಡು ಹೆಜ್ಜೆ ಹಿಂದೆ ಸರಿದರು.

ಒಂದೇ ಒಂದು ನಿಜ ಸಾಕಿತ್ತು. "ಇಲ್ಲ ಮೇಡಂ, ನನಗೇ ಕುರು ಆಗಿದೆ" ಎಂದಿದ್ದರೆ ಎಲ್ಲರೂ ನಕ್ಕು ಮುಗಿಯುತ್ತಿತ್ತು. ಆದರೆ ಸುತ್ತ ಬೀರು ವಿಭಾಗದವಳು, ಬಿಲ್ಲು ಬರೆಯುವವರು, ಅಷ್ಟೂ ಜನ ನಿಂತಿದ್ದರು. ಬಿರುದು ಹೊತ್ತ ಬಾಯಿಯಿಂದ ಆ ಮಾತು ಹೊರಡಲಿಲ್ಲ.

"ಹೌದು ಮೇಡಂ. ಏನೋ... ಚುಚ್ಚಿತು."

ಮೇಡಂ ಚೀಲ ಹೆಗಲಿಗೇರಿಸಿ ಹೊರಟೇಹೋದರು. ಮಾಲೀಕರು ಒರಗು ಕುರ್ಚಿಯ ಹೊಟ್ಟೆಯೊಳಗಿಂದಲೇ ಗರ್ಜಿಸಿದರು. "ಯಾವನೋ ಅದನ್ನ ಹೊಲಿದೋನು? ನಾಳೆಯಿಂದ ಅವನು ಬರೋದು ಬೇಡ!"

ಸ್ಪಂಜಣ್ಣ ಕುರ್ಚಿಯನ್ನು ಎತ್ತಿಕೊಂಡು ಒಳಗೆ ಹೋಗಿ, ತಾನೇ ಹಾಕಿದ ಹೊಲಿಗೆಯನ್ನು ತಾನೇ ಬಿಚ್ಚಿದ. ಫೋಮನ್ನು ಹೊರಗೆಳೆದು, ಬರಿ ಅಂಗೈಯಿಂದ ಅಂಗುಲ ಅಂಗುಲವನ್ನೂ ಒತ್ತಿ ಒತ್ತಿ ನೋಡಿದ. ಕುರ್ಚಿರಾಯರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಎಲ್ಲೂ ಮೊಳೆ ಸಿಗ್ತಿಲ್ಲಣ್ಣ. ಆದ್ರೂ ನೀನೇ ಚುಚ್ಚಿತು ಅಂದ್ಮೇಲೆ ಎಲ್ಲೋ ನಂದೇ ತಪ್ಪಿರಬೇಕು." ಅವನು ತಲೆಯೆತ್ತಿದ. "ಬಹಳ ನೋವಾಯ್ತಾ?"

ಕುರುವಿನ ನೋವು ಒಂದು ತೂಕ, ಈ ಮಾತು ಒಂದು ತೂಕ. ಕುರ್ಚಿರಾಯರು ಕಾಲು ಎಳೆದುಕೊಂಡು ಮನೆಗೆ ಬಂದು ಮಂಚದ ಮೇಲೆ ಬೋರಲು ಬಿದ್ದರು. ಮಧ್ಯಾಹ್ನದ ಡ್ಯೂಟಿ ಮುಗಿಸಿ ಬಂದ ಹೆಂಡತಿಗೆ, ದಿಂಬಿನೊಳಗಿಂದಲೇ ಎಲ್ಲವನ್ನೂ ಹೇಳಿದರು. ಆಕೆ ಚೀಲ ಕೆಳಗಿಟ್ಟು ಮಂಚದ ಪಕ್ಕ ಬಂದಳು.

"ಮೊಳೆ ಇದ್ದದ್ದು ಕುರ್ಚೀಲಲ್ಲ ಕಣ್ರೀ, ನಿಮ್ಮ ನಾಲಿಗೇಲಿ. ಏಳಿ. ಮೊದಲು ಇದನ್ನ ತೆಗೆಸೋಣ, ಆಮೇಲೆ ಅದನ್ನ."

ಬಸ್ಸಿನಲ್ಲಿ ಸೀಟೆಲ್ಲ ಖಾಲಿ. "ಕೂತ್ಕೊಳ್ಳಿ ಸಾರ್, ಕೂತ್ಕೊಳ್ಳಿ," ಎಂದು ಕಂಡಕ್ಟರು ಬಲವಂತ ಮಾಡಿದ. "ಅವರಿಗೆ ಆಗಲ್ಲ!" ಎಂದು ಹೆಂಡತಿ ಕಾರಣಸಹಿತ ವಿವರಿಸಿದಳು. ಮುಂದಿನ ನಿ‌ಲ್ದಾಣ ಬರುವಷ್ಟರಲ್ಲಿ ಡ್ರೈವರನಿಗೂ ವಿಷಯ ಮುಟ್ಟಿ, ಅವನು ಹಳ್ಳ ತಪ್ಪಿಸಿ ತಪ್ಪಿಸಿ ಓಡಿಸತೊಡಗಿದ.

ಚರ್ಮರೋಗದ ದವಾಖಾನೆ ಚಿಕ್ಕದು. ಹೊರಗೆ ಮುರುಕು ಸ್ಟೂಲುಗಳ ಮೇಲೆ ಹತ್ತಾರು ಜನ ಕಾಯುತ್ತಿದ್ದರು. ಮುಖದ ತುಂಬ ಮೊಡವೆಯವರು, ಕೈಗೆ ಬಟ್ಟೆ ಸುತ್ತಿಕೊಂಡವರು. ಒಳಗಿನ ಕೋಣೆಗೂ ಹೊರಗಿನ ಹಜಾರಕ್ಕೂ ನಡುವೆ ಒಂದು ಪರದೆ, ಅಷ್ಟೇ. ಕರೆ ಬಂತು. ಕುರ್ಚಿರಾಯರು ಪರದೆ ಸರಿಸಿದರು. ಮೇಜಿನ ಹಿಂದೆ, ಅದೇ ಕನ್ನಡಕ, ಅದೇ ಬಿಳಿ ಸೀರೆ! ಆಸ್ಪತ್ರೆ ಕಟ್ಟಿಸುತ್ತಿದ್ದ ಮೇಡಂ ಎಂದು ಮಾಲೀಕರು ಹೇಳಿದ್ದರೇ ಹೊರತು, ಅವರು ಚರ್ಮದ ಡಾಕ್ಟರೆಂದು ಹೇಳಿರಲಿಲ್ಲ!

ಮೇಡಂ ತಲೆಯೆತ್ತುವಷ್ಟರಲ್ಲಿ ರಾಯರು ಪರೀಕ್ಷೆಯ ಮಂಚಕ್ಕೆ ಹಾರಿ, ಬೋರಲು ಬಿದ್ದು, ದಿಂಬಿನಲ್ಲಿ ಮುಖ ಹುದುಗಿಸಿಬಿಟ್ಟಿದ್ದರು. ಪುಣ್ಯಕ್ಕೆ ಮುಖ ತೋರಿಸಬೇಕಾದ ಕಾಯಿಲೆಯಲ್ಲ!

"ಏನು ತೊಂದರೆ?"

"ಕುರು ಡಾಕ್ಟ್ರೇ! ಎಡಗಡೆ! ಒಂದು ದೊಡ್ಡದು, ಚಿಕ್ಕವು ಬೇಕಾದಷ್ಟು!" ಹೆಂಡತಿ ಪ್ರಕಟಣೆ ಹೊರಡಿಸಿದಳು. ಹೊರಗಿನ ಹಜಾರದಲ್ಲಿ ಕೆಮ್ಮುತ್ತಿದ್ದವರೂ ಕೆಮ್ಮು ನಿಲ್ಲಿಸಿದರು.

ಡಾಕ್ಟರು ಬಗ್ಗಿ ನೋಡಿದರು. "ಕೂದಲಿನ ಬುಡಕ್ಕೆ ಕ್ರಿಮಿ ಹೋಗಿ ಕೀವು ಕಟ್ಟಿದೆ. ಶುರುವಿನಲ್ಲಿ ಚಿಕ್ಕ ಗುಳ್ಳೆ ಇದ್ದಿರಬೇಕು. ಹಿಸುಕಿದ್ರಾ?"

"ಇಲ್ಲ," ಎಂದಿತು ದಿಂಬು.

"ಹಿಸುಕಿದ್ದಾರೆ!" ಎಂದಳು ಹೆಂಡತಿ.

"ಹಿಸುಕಿದ್ರೆ ಅರ್ಧ ಕೀವು ಹೊರಗೆ ಬರುತ್ತೆ, ಅರ್ಧ ಒಳಗೆ ಹೋಗುತ್ತೆ. ಅದೇ ಟವೆಲಲ್ಲಿ ಉಜ್ಜಿದ್ರಾ? ಅದಕ್ಕೇ ಸುತ್ತ ಹರಡಿರೋದು."

"ಇಲ್ಲ."

"ಉಜ್ಜಿದ್ದಾರೆ! ಟವೆಲನ್ನ ನಾನು ಕುದಿಯೋ ನೀರಿಗೆ ಹಾಕಿ ಬಂದಿದ್ದೀನಿ ಡಾಕ್ಟ್ರೇ!"

"ಒಳ್ಳೇದು ಮಾಡಿದ್ರಿ. ಗಾಳಿ ಆಡದ ಬಿಗಿ ಪ್ಯಾಂಟು ಬೇರೆ. ಬೆವರು, ತಿಕ್ಕಾಟ, ಕ್ರಿಮಿಗೆ ಇನ್ನೇನು ಬೇಕು? ಸಕ್ಕರೆ ಕಾಯಿಲೆ ಇದ್ರೂ ಹೀಗೆ ಏಳುತ್ತೆ, ರಕ್ತ ನೋಡೋಣ. ಮೇಲೆ ಏನಾದ್ರೂ ಹಚ್ಚಿದ್ರಾ? ಏನೋ ಬೆಳ್ಳಗೆ ಅಂಟಿದೆಯಲ್ಲ."

ಮುಖ ದಿಂಬಿನೊಳಕ್ಕೆ ಇನ್ನಷ್ಟು ಇಳಿಯಿತು.

"ಪೇಸ್ಟು!" ಎಂದಳು ಹೆಂಡತಿ.

"ಹಲ್ಲಿಗೆ ಹಚ್ಚೋದಾ?" ಡಾಕ್ಟರು ಒಂದು ಕ್ಷಣ ತಡೆದರು. "ಇಲ್ಲಿಗಾ?"

ಹೊರಗಿನ ಹಜಾರದಲ್ಲಿ ಯಾರೋ ಸ್ಟೂಲಿನಿಂದ ಬಿದ್ದ ಸದ್ದಾಯಿತು.

"ಇರಲಿ. ಏನು ಕೆಲಸ ಮಾಡ್ತೀರಿ?"

ಹೆಂಡತಿ ಉತ್ತರಿಸಲು ಬಾಯಿ ತೆರೆದಳು. ಕುರ್ಚಿರಾಯರು ಕೈಯೆತ್ತಿ ತಡೆದರು. ಬರಿ ಅಂಗೈಯಿಂದ ಫೋಮು ಒತ್ತುತ್ತಿದ್ದ ಸ್ಪಂಜಣ್ಣ ಕಣ್ಣಮುಂದೆ ಬಂದ. ದಿಂಬಿನಿಂದ ಮುಖ ಎತ್ತಿ, ಕತ್ತು ತಿರುಗಿಸಿ, ಡಾಕ್ಟರನ್ನು ನೇರವಾಗಿ ನೋಡಿದರು.

"ಕುರ್ಚಿ ಮಾರೋದು, ಮೇಡಂ."

"ಓಹೋ! ಮೊಳೆ ಚುಚ್ಚಿದವರು!"

"ಮೊಳೆ ಇರಲಿಲ್ಲ ಮೇಡಂ. ಅದು ಚಿನ್ನದಂಥ ಕುರ್ಚಿ. ಹೊಲಿದವನು ಅದಕ್ಕಿಂತ ಚಿನ್ನದಂಥ ಮನುಷ್ಯ. ನಾಲ್ಕು ಜನರ ಮುಂದೆ ಕುರು ಅನ್ನೋಕೆ ನಾಚಿಕೆ ಆಗಿ ನಾನೇ ಸುಳ್ಳು ಹೇಳಿದೆ. ಅವನ ಕೆಲಸ ಹೋಯ್ತು. ನೀವು ಆಮೇಲೆ ಬೇಕಾದ್ರೆ ಚಾಕು ಹಾಕಿ, ಚೂರಿ ಹಾಕಿ. ಮೊದಲು ಒಂದು ಫೋನ್ ಮಾಡ್ಕೋತೀನಿ."

ಮಂಚದ ಮೇಲೆ ಬೋರಲು ಮಲಗಿಯೇ ಮಾಲೀಕರಿಗೆ ಫೋನು ಹಚ್ಚಿದರು. "ಸಾರ್, ಸ್ಪಂಜಣ್ಣನ್ನ ಕಳಿಸಬೇಡಿ. ತಪ್ಪು ನಂದು. ನನಗೆ ಕುರು ಆಗಿದೆ."

"ಏನಾಗಿದೆ? ಸರಿಯಾಗಿ ಕೇಳಿಸ್ತಿಲ್ಲ!"

"ಕುರು ಸಾರ್. ಕು–ರು."

"ಎಲ್ಲಿ?"

ಕುರ್ಚಿರಾಯರು ಮತ್ತೆ ದಿಂಬಿಗೆ ಮುಖ ಒತ್ತಿದರು. ಹೆಂಡತಿ ಫೋನಿನ ಕಡೆ ಬಗ್ಗಿ, ಊರು ಹಳ್ಳಿಗಳ ಹೆಸರು ಹೇಳುವಷ್ಟೇ ಸ್ಪಷ್ಟವಾಗಿ ಆ ಸ್ಥಳವನ್ನು ಹೇಳಿದಳು. ಪರದೆಯಾಚೆ ಇಡೀ ಹಜಾರ ಘೊಳ್ಳೆಂದಿತು. ನಗದೇ ಇರಲು ಪ್ರಯತ್ನಪಟ್ಟ ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ಫೋನನ್ನು ತಾವೇ ಈಸಿಕೊಂಡರು.

"ನೋಡಿ, ಇಷ್ಟು ದೊಡ್ಡ ಕುರು ಇಟ್ಕೊಂಡು ಈ ಮನುಷ್ಯ ಅರ್ಧವಾದ್ರೂ ಕೂತು, ನಕ್ಕಿದ್ದಾರೆ. ಗಟ್ಟಿ ಕುರ್ಚಿ ಆಗಿದ್ರೆ ಅದೂ ಆಗ್ತಿರಲಿಲ್ಲ. ಇದಕ್ಕಿಂತ ಕಠಿಣ ಪರೀಕ್ಷೆ ಯಾವ ಕುರ್ಚಿಗೂ ಆಗಿರಲಿಕ್ಕಿಲ್ಲ. ಅದೇ ಕುರ್ಚಿ ಕಳಿಸಿ. ಅದೇ ಕೆಲಸಗಾರ ಹೊಲೀಬೇಕು, ನೆನಪಿರಲಿ."

ಬಳಿಕ ಡಾಕ್ಟರು ಕೆಲಸ ಶುರು ಮಾಡಿದರು. ಮರಗಟ್ಟಿಸುವ ಸೂಜಿ ಹಾಕಿ, ಚಿಕ್ಕದಾಗಿ ಸೀಳಿ, ಕೀವೆಲ್ಲ ತೆಗೆದು ಪಟ್ಟಿ ಕಟ್ಟಿದರು. ರಕ್ತದಲ್ಲಿ ಸಕ್ಕರೆ ಹೆಚ್ಚಿರಲಿಲ್ಲ. ಕುರ್ಚಿರಾಯರು ಸೂಜಿಗೊಮ್ಮೆ ಕೂಗಿದರು, ಚಾಕು ಕಂಡು ಒಮ್ಮೆ ಕೂಗಿದರು. ಎಲ್ಲ ಮುಗಿದಿದೆ ಎಂದಾಗಲೂ ಅಭ್ಯಾಸಬಲದಿಂದ ಒಮ್ಮೆ ಕೂಗಿದರು. ಹೊರಗೆ ಬರುವಾಗ ಹಜಾರದಲ್ಲಿದ್ದವರೆಲ್ಲ ಎದ್ದು ನಿಂತು ದಾರಿ ಬಿಟ್ಟರು. ಅದು ಗೌರವವೋ ಭಯವೋ ಹೇಳುವುದು ಕಷ್ಟ.

ಮಾರನೆಯ ದಿನ ಮಾಲೀಕರೇ ಮನೆಗೆ ಬಂದರು, ಜೊತೆಗೆ ಸ್ಪಂಜಣ್ಣ. ಕುರ್ಚಿರಾಯರು ಬೋರಲು ಮಲಗಿದ್ದಲ್ಲಿಂದಲೇ ಅವನ ಕೈ ಹಿಡಿದರು. "ತಪ್ಪಾಯ್ತು ಕಣೋ."

"ಬಿಡಣ್ಣಾ. ಮೊಳೆ ಇರಲಿಲ್ಲವಲ್ಲ, ಅಷ್ಟು ಸಾಕು ನನಗೆ," ಎಂದ ಸ್ಪಂಜಣ್ಣ. ಅವನ ಮುಖದಲ್ಲಿ ನಿಜವಾದ ನೆಮ್ಮದಿ ಇತ್ತು.

ಮಾಲೀಕರು ಗದ್ದದ ಬಾವು ಸವರಿಕೊಂಡು ರಾಯರ ಹೆಂಡತಿಯ ಕಡೆ ತಿರುಗಿದರು. "ಇನ್ನೆಷ್ಟು ದಿನ ಕೂರೋ ಹಾಗಿಲ್ಲಮ್ಮ?"

"ಗಾಯ ಮಾಗೋವರೆಗೂ ಇಲ್ಲವಂತೆ."

"ಮಲಗಬಹುದಾ?"

"ಬೋರಲು ಮಲಗಬಹುದಂತೆ."

ಮಾಲೀಕರ ಕಣ್ಣು ಮಿಂಚಿತು. "ಹಾಗಾದ್ರೆ ರಜೆ ಯಾಕೆ ಹಾಳು ಮಾಡ್ತೀರಿ? ಹೊಸ ಹಾಸಿಗೆ ಬಂದಿವೆ. ಮುಂಬಾಗಿಲ ಗಾಜಿನ ಹತ್ರ ಒಂದು ಹಾಕಿಸ್ತೀನಿ. ನಾಡಿದ್ದಿನಿಂದ ಬಂದು ಮಲಕ್ಕೊಳ್ಳಿ. ನಿಮ್ಮಂಥ ಕಲಾವಿದರಿಗೆ ಹಾಸಿಗೆ ಏನು, ಕುರ್ಚಿ ಏನು!"

ಕಲಾವಿದ ಎಂಬ ಒಂದು ಮಾತಿಗೆ ಕುರ್ಚಿರಾಯರು ಸೋತರು. ನಾಡಿದ್ದು ಸಡಿಲ ಹತ್ತಿ ಪೈಜಾಮ ತೊಟ್ಟು, ಗಾಜಿನ ಹಿಂದೆ ಹೊಸ ಹಾಸಿಗೆಯ ಮೇಲೆ ಬೋರಲಾಗಿ ಪವಡಿಸಿದರು. ಗಾಯ ಕಾಣದಂತೆ ಮೇಲೊಂದು ಹೊದಿಕೆ. ಮೊದಲು ಸಂಕೋಚವಾಯಿತು. ಅರ್ಧ ದಿನ ಕಳೆಯುವಷ್ಟರಲ್ಲಿ ಕೈ ಎಲ್ಲಿಡಬೇಕು, ಕೆನ್ನೆ ಹೇಗೆ ಒತ್ತಬೇಕು, ನಿಟ್ಟುಸಿರು ಎಷ್ಟು ಉದ್ದ ಬಿಡಬೇಕು ಎಂಬುದೆಲ್ಲ ಕರಗತವಾಯಿತು. ಹಾಸಿಗೆ ವಿಭಾಗದವನು ಇಷ್ಟು ದಿನ ಮಾಡುತ್ತಿದ್ದುದು ವ್ಯಾಪಾರವೇ ಅಲ್ಲ ಅನಿಸಿತು! ಗಿರಾಕಿಗಳು ಬಂದು ಹಾಸಿಗೆಯನ್ನು ಅಲ್ಲಿ ಇಲ್ಲಿ ಒತ್ತಿ ನೋಡತೊಡಗಿದರು. ಎಲ್ಲಿ ಗಾಯದ ಮೇಲೆ ಕೈ ಬೀಳುತ್ತದೋ ಎಂದು ಸ್ಪಂಜಣ್ಣ ಹೆದರಿ, ಒಳಗಿನಿಂದ ಒಂದು ರಟ್ಟಿನ ಚೀಟಿ ತಂದು ಹೊದಿಕೆಗೆ ಪಿನ್ನು ಹಾಕಿ ಹೋದ. ಏನೆಂದು ಕುರ್ಚಿರಾಯರಿಗೆ ಕಾಣಲಿಲ್ಲ. ಅದಿದ್ದದ್ದು ಬೆನ್ನ ಕೆಳಗೆ.

ಅಷ್ಟರಲ್ಲಿ ಕೋಲೂರಿಕೊಂಡು ಒಬ್ಬ ಅಜ್ಜಿ ಬಂದು ಮಂಚದ ಪಕ್ಕ ನಿಂತರು.

"ಏನಪ್ಪಾ, ಹಾಸಿಗೆ ಚೆನ್ನಾಗಿದೆಯಾ?"

"ಚೆನ್ನಾಗಿದೆಯಾ ಅಂತ ಕೇಳ್ತೀರಾ ಅಜ್ಜಿ?" ಕುರ್ಚಿರಾಯರು ಕಣ್ಣು ತೆರೆಯದೆಯೇ, ಗಂಭೀರ ಧ್ವನಿಯಲ್ಲಿ ಹೇಳಿದರು. "ಒಂದು ಸಲ ಇದರ ಮೇಲೆ ಮೈ ಚಾಚಿದ್ರೆ ಏಳೋ ಮನಸ್ಸೇ ಬರಲ್ಲ. ನನ್ನನ್ನೇ ನೋಡಿ, ಬೆಳಗಿನಿಂದ ಎದ್ದಿಲ್ಲ!"

ಅಜ್ಜಿ ಕನ್ನಡಕ ಸರಿಮಾಡಿಕೊಂಡು ಬಗ್ಗಿ, ಹೊದಿಕೆಯ ಮೇಲಿನ ಚೀಟಿಯನ್ನು ಅಕ್ಷರ ಅಕ್ಷರ ಕೂಡಿಸಿ, ಗಟ್ಟಿಯಾಗಿ ಓದಿದರು.

"ಪ್ರ-ದ-ರ್ಶ-ನ-ಕ್ಕೆ ಮಾತ್ರ. ದಯವಿಟ್ಟು ಮುಟ್ಟಬೇಡಿ."

ಓದಿ, ರಾಯರನ್ನು ಅಡಿಯಿಂದ ಮುಡಿಯವರೆಗೂ ಒಮ್ಮೆ ನೋಡಿ, ಮಾಲೀಕರ ಕಡೆ ತಿರುಗಿದರು.

"ಬರೀ ಹಾಸಿಗೆ ಕೊಡಪ್ಪ ಸಾಕು. ಬೆಳಗಿನಿಂದ ಏಳದೇ ಇರೋದು ನಮ್ಮನೇಲಿ ಆಗ್ಲೇ ಒಂದಿದೆ!"